ಹಳೆಯ ಸೀಸದ ಅನ್‌ಡೆಡ್ ಸೈನ್ಯ ಕೈಗೆ ಬಂದಿದೆ, ನಮ್ಮ ಕರಾವಳಿ ಹವೆಯಲ್ಲಿ ಉಳಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಬಿಜೈ, ಮಂಗಳೂರು)

ನನ್ನ ಸೋದರಮಾವ ಇಂಗ್ಲೆಂಡಿನಲ್ಲಿ ತುಂಬ ವರ್ಷ ಇದ್ದು ಈಗ ಊರಿಗೆ ಬಂದಿದ್ದಾರೆ. ಬರುವಾಗ ಒಂದು ರಟ್ಟಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು. ಒಳಗೆ ಸುಮಾರು ಅರುವತ್ತು ಹಳೆಯ ಸಿಟಾಡೆಲ್ ಕಂಪನಿಯ ಮಿನಿಯೇಚರ್‌ಗಳು, ಅಂದರೆ ಮೇಜಿನ ಮೇಲೆ ಯುದ್ಧದ ಆಟ ಆಡುವ ಸಣ್ಣ ಬೊಂಬೆಗಳು. ಎಲ್ಲವೂ ವಾರ್‌ಹ್ಯಾಮರ್ ಫ್ಯಾಂಟಸಿ ಆಟದ ಅನ್‌ಡೆಡ್ ಸೈನ್ಯದವು, ಅಂದರೆ ಸತ್ತು ಎದ್ದು ಬಂದ ಸೈನಿಕರು. ಎಲುಬುಗೂಡುಗಳು, ಜೋಂಬಿಗಳು, ಎರಡು ಮಮ್ಮಿ, ಒಂದು ರಥ. ಹೆಚ್ಚಿನವು ಸೀಸದವು, ಕೆಲವು ಪ್ಲಾಸ್ಟಿಕ್. ಅರ್ಧಕ್ಕೆ ಮಾವ ಆಗಿನ ಕಾಲದಲ್ಲೇ ಬಣ್ಣ ಹಾಕಿದ್ದಾರೆ, ಕೆಲವಕ್ಕೆ ತೀರಾ ದಪ್ಪ. ನಾನು ಹೊಸ ಮಿನಿಗಳಿಗೆ ಬಣ್ಣ ಹಾಕಿ ಗೊತ್ತು, ಹಳೆಯದನ್ನು ಮುಟ್ಟುವುದು ಇದೇ ಮೊದಲು. ಹಳೆ ಬಣ್ಣ ತೆಗೆಯಬೇಕಾ? ಈ ಮಳೆಯಲ್ಲಿ ಬಣ್ಣಕ್ಕೆ ಮೊದಲು ಹಾಕುವ ಪ್ರೈಮರ್ ಹೊಡೆಯುವುದು ಹೇಗೆ? ಎಲ್ಲಿ ಇಡುವುದು? ಸೈನ್ಯ ಪೂರ್ತಿ ಮಾಡಬೇಕಾದರೆ ಉಳಿದದ್ದನ್ನು ಎಲ್ಲಿ ಹುಡುಕುವುದು? ನಿಮಗೆ ಆದದ್ದನ್ನು ಆದ ಹಾಗೆ ಹೇಳಿ.

ಉತ್ತರ (ಉಡುಪಿ)

ಬಣ್ಣದ ಮಾತು ಆಮೇಲೆ ಮಾರಾಯ್ರೆ. ಆ ಡಬ್ಬಿ ಈಗ ಎಲ್ಲಿ ಉಂಟು? ಮರದ ಕಪಾಟಿನಲ್ಲಿದ್ದರೆ ಇವತ್ತೇ ಹೊರಗೆ ತೆಗೆಯಿರಿ.

ನಾನು ಕಳೆದುಕೊಂಡು ಕಲಿತವನು. ನನ್ನ ಹತ್ತಿರ 43 ಸೀಸದ ಎಲುಬುಗೂಡುಗಳಿದ್ದವು. ಅಜ್ಜನ ಕಾಲದ ದೊಡ್ಡ ಮರದ ಕಪಾಟಿನಲ್ಲಿ, ರಟ್ಟಿನ ಡಬ್ಬಿಯಲ್ಲಿ, ಹತ್ತಿ ಸುತ್ತಿ ಇಟ್ಟಿದ್ದೆ. ಜೋಪಾನ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಎರಡು ಮಳೆಗಾಲ ಕಳೆದು ತೆಗೆದು ನೋಡಿದರೆ ಸುಮಾರು ಮಿನಿಗಳ ಮೇಲೆ ಬಿಳಿ ಪುಡಿ, ಸುಣ್ಣ ಬಳಿದ ಹಾಗೆ. ಬೂಷ್ಟು ಹಿಡಿದಿದೆ ಅಂತ ಬಟ್ಟೆಯಿಂದ ಒರೆಸಿದೆ. ಒಂದರ ಈಟಿ ಬೆರಳಲ್ಲೇ ಪುಡಿಯಾಯಿತು. ಅದು ಬೂಷ್ಟು ಅಲ್ಲ, ಸೀಸವೇ ತಿಂದುಹೋಗುತ್ತಿರುವುದು. ಹವ್ಯಾಸದವರು ಅದಕ್ಕೆ ಲೆಡ್ ರಾಟ್ ಅನ್ನುತ್ತಾರೆ.

ಆಗುವುದು ಹೀಗೆ. ಮರ, ಪ್ಲೈವುಡ್, ಎಂಡಿಎಫ್, ರಟ್ಟು ಇವೆಲ್ಲ ನಿಧಾನಕ್ಕೆ ಅಸೆಟಿಕ್ ಆಮ್ಲದ ಆವಿ ಬಿಡುತ್ತವೆ. ವಿನಿಗರ್‌ನಲ್ಲಿರುವುದೂ ಇದೇ ಆಮ್ಲ. ಮುಚ್ಚಿದ ಕಪಾಟಿನಲ್ಲಿ ಆ ಆವಿ ಹೊರಗೆ ಹೋಗುವುದಿಲ್ಲ. ಜೊತೆಗೆ ನಮ್ಮ ತೇವ. ಆಮ್ಲ ಸೀಸವನ್ನು ಹಿಡಿಯುತ್ತದೆ, ಆಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಬಿಳಿ ಸೀಸದ ಕಾರ್ಬೋನೇಟ್ ಆಗುತ್ತದೆ, ಆಗ ಆಮ್ಲ ಬಿಡುಗಡೆಯಾಗಿ ಮತ್ತೆ ಸೀಸಕ್ಕೇ ಅಂಟುತ್ತದೆ. ಹಾಗಾಗಿ ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಹಿಂದಿನ ಕಾಲದಲ್ಲಿ ಬಿಳಿ ಬಣ್ಣಕ್ಕೆ ಸಫೇದ ಮಾಡುತ್ತಿದ್ದದ್ದೂ ಹೀಗೇ, ಸೀಸದ ಹಾಳೆಗಳನ್ನು ವಿನಿಗರ್ ಮತ್ತು ಸಗಣಿಯ ಜೊತೆ ಮುಚ್ಚಿಟ್ಟು. ನಾವು ಗೊತ್ತಿಲ್ಲದೆ ಕಪಾಟಿನೊಳಗೆ ಅದನ್ನೇ ಮಾಡುತ್ತೇವೆ ಅಷ್ಟೆ.

ಈಗ ನಾನು ಇಡುವುದು ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ, ಅಡುಗೆಮನೆಯಲ್ಲಿ ಬೇಳೆ ಹಾಕಿಡುತ್ತೇವಲ್ಲ, ಆ ತರಹದ್ದು. ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಹರಳು ಗುಲಾಬಿ ಆದರೆ ನೀರು ಕುಡಿದಿದೆ ಅಂತ ಅರ್ಥ, ಓವನ್‌ನಲ್ಲಿ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ವಾರಕ್ಕೊಮ್ಮೆ ನೋಡುತ್ತೇನೆ. ಪ್ರದರ್ಶನಕ್ಕೆ ಇಡಬೇಕಾದರೆ ಗಾಜು ಮತ್ತು ಲೋಹದ ಶೆಲ್ಫ್ ಒಳ್ಳೆಯದು. ಇನ್ನೊಂದು, ನುಸಿಗುಳಿಗೆ. ಕಪಾಟಿನಲ್ಲಿ ಬಟ್ಟೆಗೆ ಇಡುವ ನಾಫ್ತಲೀನ್ ಗುಳಿಗೆ ಪ್ಲಾಸ್ಟಿಕ್ ಮಿನಿಗಳನ್ನು ಮೆತ್ತಗೆ ಮಾಡಿ ಅಂಟಿಸಿಬಿಡುತ್ತದೆ. ಅದರ ಹತ್ತಿರ ಇಡಲೇಬೇಡಿ.

ಬಿಳಿ ಪುಡಿ ಈಗಾಗಲೇ ಕಂಡರೆ ಒಣಗಿದ ಬ್ರಷ್‌ನಲ್ಲಿ ಉಜ್ಜಬೇಡಿ. ಆ ಪುಡಿ ವಿಷ, ಉಸಿರಿಗೆ ಹೋಗಬಾರದು. ಗ್ಲೌಸ್ ಹಾಕಿ, ನೀರಿನೊಳಗೇ ಹಳೆ ಟೂತ್‌ಬ್ರಷ್‌ನಲ್ಲಿ ತೆಗೆದು, ಚೆನ್ನಾಗಿ ಒಣಗಿಸಿ, ತಡಮಾಡದೆ ಪ್ರೈಮರ್ ಹಾಕಿ. ವಿನಿಗರ್‌ನಲ್ಲಿ ನೆನೆಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಈಗಷ್ಟೇ ಕಾರಣ ಓದಿದಿರಲ್ಲ. ಸಣ್ಣ ಮಕ್ಕಳಿಗೆ ಆಡಲು ಕೊಡಬೇಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬ್ರಷ್ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡುವ ಅಭ್ಯಾಸ ಇದ್ದರೆ ಈ ಮಿನಿಗಳ ಮಟ್ಟಿಗೆ ಬಿಟ್ಟುಬಿಡಿ.

ಉತ್ತರ (ಸುರತ್ಕಲ್)

ಬಣ್ಣ ತೆಗೆಯುವ ಬಗ್ಗೆ ನಾನು ಹೇಳುತ್ತೇನೆ. ಲೋಹದವಕ್ಕೆ ನಾನು ಬಳಸುವುದು ಡೆಟಾಲ್, ಕಂದು ಬಣ್ಣದ ಮಾಮೂಲಿ ಆಂಟಿಸೆಪ್ಟಿಕ್ ಲಿಕ್ವಿಡ್. ಗಾಜಿನ ಬಾಟಲಿಯಲ್ಲಿ ನೀರು ಬೆರೆಸದೆ ಹಾಕಿ ಒಂದು ದಿನ ನೆನೆಸಿಡಿ. ಬಣ್ಣ ಮೆತ್ತಗಾಗಿ ಬರುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದು, ತೆಗೆದ ತಕ್ಷಣ ನಲ್ಲಿ ಕೆಳಗೆ ಹಿಡಿಯುವುದು. ನೀರು ತಾಗಿದ ಕೂಡಲೇ ಕರಗಿದ ಬಣ್ಣವೆಲ್ಲ ಜಿಗುಟಾಗಿ ಪಕ್ಕೆಲುಬಿನ ಸಂದಿಯಲ್ಲಿ ಕೂತುಬಿಡುತ್ತದೆ, ಮತ್ತೆ ತೆಗೆಯಲು ಎರಡು ಸಂಜೆ ಬೇಕು. ಡೆಟಾಲ್‌ನಲ್ಲೇ ಉಜ್ಜಿ, ಡೆಟಾಲ್‌ನಲ್ಲೇ ಇನ್ನೊಮ್ಮೆ ತೊಳೆದು, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್, ಕೊನೆಗೆ ನೀರು. ಅಡುಗೆಯ ಪಾತ್ರೆ ಇದಕ್ಕೆ ಬೇಡ.

ನೈಲ್ ಪಾಲಿಷ್ ತೆಗೆಯುವ ಅಸಿಟೋನ್ ಲೋಹಕ್ಕೆ ಬೇಗ ಕೆಲಸ ಮಾಡುತ್ತದೆ. ಆದರೆ ಪ್ಲಾಸ್ಟಿಕ್‌ಗೆ ತಾಗಿದರೆ ಕರಗಿಸಿಬಿಡುತ್ತದೆ. 80ರ ದಶಕದ ಆ ಸಪೂರ ಪ್ಲಾಸ್ಟಿಕ್ ಎಲುಬುಗೂಡುಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು, ಅದೂ ಮೊದಲು ಒಂದೇ ಒಂದರ ಮೇಲೆ ಪರೀಕ್ಷೆ ಮಾಡಿ.

ಉತ್ತರ (ಕಾರ್ಕಳ)

ಸುರತ್ಕಲ್‌ನವರು ಹೇಳಿದ ಕ್ರಮ ಸರಿ, ಆದರೆ ಎಲ್ಲವನ್ನೂ ತೆಗೆಯಬೇಡಿ ಅಂತ ನನ್ನ ಕೇಳಿಕೆ. ಮಾವ ಕೈಯಾರೆ ಹಾಕಿದ ಬಣ್ಣ ಅದು. ವಿವರ ಮುಚ್ಚಿಹೋಗುವಷ್ಟು ದಪ್ಪ ಇದ್ದರೆ ತೆಗೆಯಿರಿ. ತೆಳುವಾಗಿ, ಪ್ರೀತಿಯಿಂದ ಹಾಕಿದ್ದು ಇದ್ದರೆ ನಾಲ್ಕೈದನ್ನಾದರೂ ಹಾಗೇ ಇಟ್ಟುಕೊಳ್ಳಿ. ಸೋಪು ನೀರಲ್ಲಿ ಧೂಳು ತೆಗೆದು, ಬಣ್ಣ ಎದ್ದ ಕಡೆ ಸಣ್ಣ ಟಚ್ ಕೊಟ್ಟರೆ ಸಾಕು. ಆ ಕಾಲದವರು ಗುರಾಣಿಗೆ ಹಾಕುತ್ತಿದ್ದ ಕಡು ಕೆಂಪು, ಬೇಸ್ (ಮಿನಿ ನಿಲ್ಲುವ ತಳದ ತುಂಡು) ಅಂಚಿಗೆ ಹಾಕುತ್ತಿದ್ದ ಎಳೆ ಹಸಿರು, ಇವನ್ನೆಲ್ಲ ಈಗ ಬೇಕು ಅಂತಲೇ ಮಾಡುವವರಿದ್ದಾರೆ. ನಿಮ್ಮ ಹತ್ತಿರ ಅಸಲಿಯೇ ಉಂಟಲ್ವಾ?

ಬಣ್ಣದ ವಿಷಯಕ್ಕೆ ಬಂದರೆ, ನಾನು ಇದನ್ನು ಕಲಿತದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಹಾಕುವ ಜಾಗದಲ್ಲಿ. ಸಣ್ಣವನಿರುವಾಗ ಮಾಮನ ಜೊತೆ ಆಟ ನೋಡಲು ಹೋಗಿ, ಚೌಕಿಯಲ್ಲಿ ಕೂತು ಬಣ್ಣದ ವೇಷದವರು ಅಕ್ಕಿ ಹಿಟ್ಟು, ಸುಣ್ಣದಲ್ಲಿ ಮುಖಕ್ಕೆ ಚುಟ್ಟಿ (ಉಬ್ಬಿದ ಬಿಳಿ ಚುಕ್ಕೆ) ಇಡುವುದನ್ನು ನೋಡುತ್ತಿದ್ದೆ. ಹತ್ತಿರದಿಂದ ನೋಡಿದರೆ ಕಪ್ಪು, ಕೆಂಪು, ಬಿಳಿ ಎಲ್ಲ ಅತಿಯಾಗಿ ಕಾಣುತ್ತದೆ. ಗದ್ದೆಯ ಆ ಬದಿಯಲ್ಲಿ ಕೂತವನಿಗೆ ಅದೇ ಸರಿಯಾಗಿ ಕಾಣುವುದು. ಮಿನಿಯೂ ಹಾಗೆ. ಒಂದು ಇಂಚು ಚಿಲ್ಲರೆ ಎತ್ತರದ ಎಲುಬುಗೂಡನ್ನು ಮೇಜಿನ ಆಚೆಯಿಂದ ನೋಡುತ್ತೇವೆ. ಎಲುಬಿಗೆ ಎಲುಬಿನದೇ ಬಣ್ಣ ಒಂದೇ ಸಮನೆ ಬಳಿದರೆ ಚಪ್ಪಟೆ. ನೆರಳು ನಿಮಗೆ ಸರಿ ಅನ್ನಿಸುವುದಕ್ಕಿಂತ ಒಂದು ಹಂತ ಗಾಢ ಇರಲಿ, ಬೆಳಕು ಒಂದು ಹಂತ ಜಾಸ್ತಿ ಇರಲಿ.

ನಾನು ಮಾಡುವ ಕ್ರಮ ಇದು. ಪ್ರೈಮರ್ ಮೇಲೆ ರಾ ಅಂಬರ್‌ಗೆ ಸ್ವಲ್ಪ ಯೆಲ್ಲೊ ಓಕರ್ ಬೆರೆಸಿ ಪೂರ್ತಿ ಹಾಕುತ್ತೇನೆ. ಕ್ಯಾಮೆಲ್ ಆಕ್ರಿಲಿಕ್ ಟ್ಯೂಬೇ ಸಾಕು, ನೀರು ಬೆರೆಸಿ ಎರಡು ತೆಳು ಕೋಟ್. ಒಣಗಿದ ಮೇಲೆ ಬಿಳಿ ಮತ್ತು ಓಕರ್ ಸೇರಿಸಿ ಡ್ರೈಬ್ರಷ್. ಬ್ರಷ್‌ನ ಬಣ್ಣವನ್ನು ಬಟ್ಟೆಗೆ ಒರೆಸಿ, ಬಹುತೇಕ ಏನೂ ಉಳಿಯದಿದ್ದಾಗ ಎಲುಬಿನ ಮೇಲೆ ಹಗುರವಾಗಿ ಎಳೆಯಬೇಕು. ಆಮೇಲೆ ಗ್ಲಾಸ್ (ಹೊಳಪಿನ) ವಾರ್ನಿಷ್ ಒಂದು ಕೋಟ್, ಅದರ ಮೇಲೆ ಬರ್ನ್ಟ್ ಅಂಬರ್ ಆಯಿಲ್ ಬಣ್ಣವನ್ನು ಟರ್ಪಂಟೈನ್‌ನಲ್ಲಿ ನೀರಿನಷ್ಟು ತೆಳು ಮಾಡಿ ಬಿಡುವುದು. ಅದು ತಾನಾಗಿ ಪಕ್ಕೆಲುಬಿನ ಸಂದಿಗೆ, ಕಣ್ಣಿನ ಗುಳಿಗೆ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇಯರ್ ಬಡ್‌ನಲ್ಲಿ ಎತ್ತರದ ಜಾಗ ಒರೆಸಿದರೆ ಮುಗಿಯಿತು. ಮಳೆಗಾಲದಲ್ಲಿ ನೀರಿನ ವಾಶ್ (ನೀರಲ್ಲಿ ತೆಳು ಮಾಡಿದ ಬಣ್ಣ) ತೀರಾ ನಿಧಾನ ಒಣಗಿ ಅಂಚಿನಲ್ಲಿ ಚಹಾ ಕಲೆಯ ಹಾಗೆ ಗೆರೆ ಬಿಡುತ್ತದೆ, ಅದಕ್ಕೇ ನಾನು ಆಯಿಲ್‌ಗೆ ಬಂದದ್ದು. ಒಣಗಲು ಮೂರು ದಿನ ಬೇಕಾಗುತ್ತದೆ, ಕಾಯಬೇಕು. ಕಿಟಕಿ ತೆರೆದೇ ಮಾಡಿ.

ಸ್ಪ್ರೇ ಪ್ರೈಮರ್ ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ಮುಟ್ಟಬೇಡಿ. ಒಂದು ಜುಲೈಯಲ್ಲಿ, ಮಳೆ ನಿಂತ ಒಂದು ಗಂಟೆಯಲ್ಲಿ, ಹೊರಗೆ ಜಗಲಿಯಲ್ಲಿ ನಿಂತು ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದು ಹತ್ತು ಜೋಂಬಿಗಳನ್ನು ಮಂಜು ಕವಿದ ಹಾಗೆ ಬಿಳಿ ಮಾಡಿಕೊಂಡಿದ್ದೇನೆ. ಬ್ರಷ್‌ನಲ್ಲಿ ಗ್ಲಾಸ್ ವಾರ್ನಿಷ್ ಇನ್ನೊಂದು ಕೋಟ್ ಹಾಕಿದಾಗ ಹೆಚ್ಚಿನವು ಸರಿಯಾದವು, ಎರಡು ಆಗಲಿಲ್ಲ. ಈಗ ಮಳೆಗಾಲಕ್ಕೆ ಬ್ರಷ್‌ನಲ್ಲಿ ಹಚ್ಚುವ ವಾಲೆಹೋ ಕಂಪನಿಯ ಪ್ರೈಮರ್. ಸ್ಪ್ರೇ ಏನಿದ್ದರೂ ಡಿಸೆಂಬರ್, ಜನವರಿಯ ಮಧ್ಯಾಹ್ನ, ಬೆಳಗ್ಗಿನ ಇಬ್ಬನಿ ಪೂರ್ತಿ ಹೋದ ಮೇಲೆ.

ಪ್ರಶ್ನೆ ಕೇಳಿದವರು (ಬಿಜೈ)

ತುಂಬಾ ಉಪಕಾರ. ಉಡುಪಿಯವರು ಹೇಳಿದ ಮೇಲೆ ಓಡಿಹೋಗಿ ನೋಡಿದೆ. ಡಬ್ಬಿ ಇದ್ದದ್ದು ಮರದ ಕಪಾಟಿನಲ್ಲೇ, ಪಕ್ಕದಲ್ಲಿ ನುಸಿಗುಳಿಗೆ ಬೇರೆ. ಏಳು ಮಿನಿಗಳ ಕಾಲಿನ ಹತ್ತಿರ ಬಿಳಿ ಪುಡಿ ಶುರುವಾಗಿದೆ. ಇನ್ನೊಂದು ಕೇಳಬೇಕಿತ್ತು. ಅಜ್ಜಿಗೆ ಮನೆಯಲ್ಲಿ ಎಲುಬುಗೂಡು, ಪ್ರೇತ ಇವೆಲ್ಲ ಇಡುವುದು ಸಮಾಧಾನ ಇಲ್ಲ. ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮ ನಮ್ಮಲ್ಲಿದೆ. ಅಂಥ ಮನೆಯಲ್ಲಿ ಇದೆಲ್ಲ ಯಾಕೆ ಅಂತ ಕೇಳುತ್ತಾರೆ.

ಉತ್ತರ (ಉಡುಪಿ)

ಏಳೇ ಆದರೆ ಒಳ್ಳೆಯ ಹೊತ್ತಿಗೆ ಸಿಕ್ಕಿದೆ. ಆ ಏಳನ್ನು ಬೇರೆ ಡಬ್ಬಿಯಲ್ಲಿಡಿ.

ಅಜ್ಜಿಯ ಮಾತನ್ನು ಸುಮ್ನೆ ತಳ್ಳಬೇಡಿ. ನಮ್ಮ ಮನೆಯಲ್ಲಿ ದೊಡ್ಡಮ್ಮ ಇದೇ ಕೇಳಿದ್ದರು. ದೇವರ ಕೋಣೆ, ದೈವದ ಕೋಣೆ ಇರುವ ಬದಿಗೆ ತರುವುದಿಲ್ಲ, ಆಟಿಯಲ್ಲಿ ಹೊರಗೆ ಜೋಡಿಸಿ ಇಡುವುದಿಲ್ಲ ಅಂತ ಹೇಳಿ ಹಾಗೇ ನಡೆದುಕೊಂಡೆ. ಆಮೇಲೆ ಒಂದು ದಿನ ಅವರನ್ನು ಕೂರಿಸಿ ಭೂತಗನ್ನಡಿ ಕೊಟ್ಟು ಒಂದನ್ನು ತೋರಿಸಿದೆ. ತುಂಬ ಹೊತ್ತು ನೋಡಿ, ಹಲ್ಲು ಕೂಡ ಬಿಡಿಬಿಡಿ ಮಾಡಿದ್ದಾರಲ್ಲ ಅಂದರು. ಅಲ್ಲಿಂದ ಮತ್ತೆ ಏನೂ ಹೇಳಲಿಲ್ಲ.

ಉತ್ತರ (ಮಣಿಪಾಲ)

ಉಳಿದದ್ದನ್ನು ಸೇರಿಸುವ ಬಗ್ಗೆ. ಮೊದಲು ಯಾವ ಸೈನ್ಯ ಅಂತ ತೀರ್ಮಾನ ಮಾಡಿ. 1994ರ ಅನ್‌ಡೆಡ್ ಪಟ್ಟಿಯಲ್ಲಿ ಎಲುಬುಗೂಡು, ಜೋಂಬಿ, ಮಮ್ಮಿ, ವ್ಯಾಂಪೈರ್, ಲಿಚ್ (ಸತ್ತು ಎದ್ದ ಮಾಂತ್ರಿಕ) ಎಲ್ಲ ಒಂದೇ ಸೈನ್ಯ. 1999ರಲ್ಲಿ ವ್ಯಾಂಪೈರ್ ಕೌಂಟ್ಸ್ ಅಂತ ಬೇರೆ ಸೈನ್ಯ ಬಂತು, ಆಮೇಲೆ ಮಮ್ಮಿ, ರಥಗಳೆಲ್ಲ ಟೂಂಬ್ ಕಿಂಗ್ಸ್ ಅನ್ನುವ ಇನ್ನೊಂದು ಸೈನ್ಯದ ಕಡೆಗೆ ಹೋದವು. ನಿಮ್ಮ ಡಬ್ಬಿಯಲ್ಲಿ ಜೋಂಬಿಯೂ ಮಮ್ಮಿಯೂ ಒಟ್ಟಿಗಿವೆ, ಹಾಗಾಗಿ ಹಳೆಯ ಒಟ್ಟು ಸೈನ್ಯವನ್ನೇ ಕಟ್ಟುವುದು ಚಂದ. ನಾವು ಇಲ್ಲಿ ಮೂರು ಜನ ಹಳೆ ನಿಯಮದಲ್ಲೇ ಆಡುತ್ತೇವೆ. ವಾರ್‌ಹ್ಯಾಮರ್‌ನ ಹೊಸ ಆಟ ‘ಓಲ್ಡ್ ವರ್ಲ್ಡ್’ ನಿಯಮದಲ್ಲಿ ಆಡುವುದಾದರೆ ಒಂದು ಗಮನಿಸಿ, ಹಳೆ ಎಲುಬುಗೂಡುಗಳ ಬೇಸ್ 20 ಮಿಲಿಮೀಟರ್, ಈಗಿನದು 25. ಹಳೆ ಬೇಸ್ ಕಿತ್ತು ಹಾಕಬೇಡಿ, 25ರ ಅಂತರ ಬಿಟ್ಟ ಟ್ರೇ ಮಾಡಿ ಅದರಲ್ಲಿ ನಿಲ್ಲಿಸಿ.

ಕೊಳ್ಳುವಾಗ ಇಬೇಯಲ್ಲಿ ಒಂದೊಂದಾಗಿ ತರಿಸಬೇಡಿ. ಅಂಚೆ ಖರ್ಚು ಮಿನಿಗಿಂತ ಜಾಸ್ತಿ ಆಗುತ್ತದೆ, ಮೇಲೆ ಕಸ್ಟಮ್ಸ್ ಸುಂಕ ಬೇರೆ. ಮಾವನ ಪರಿಚಯದವರು ಯಾರಾದರೂ ಅಲ್ಲಿದ್ದರೆ ಅವರ ವಿಳಾಸಕ್ಕೆ ಸೇರಿಸಿಟ್ಟು, ಊರಿಗೆ ಬರುವವರ ಕೈಯಲ್ಲಿ ತರಿಸುವುದು ನಾನು ಕಂಡ ದಾರಿ. ಬಣ್ಣ ಕೆಟ್ಟ, ಕೈ ಮುರಿದ ರಾಶಿ ಅಗ್ಗಕ್ಕೆ ಸಿಗುತ್ತದೆ. ಸುರತ್ಕಲ್‌ನವರ ಕ್ರಮದಲ್ಲಿ ಅವೆಲ್ಲ ಹೊಸದಾಗುತ್ತವೆ. ನಕಲಿಯ ಬಗ್ಗೆ ಜಾಗ್ರತೆ. ಕಾಲ ಕೆಳಗೆ ಬೇಸ್‌ನ ಸೀಳಿಗೆ ಇಳಿಯುವ ಪಟ್ಟಿ ಇರುತ್ತದಲ್ಲ, ಹೆಚ್ಚಿನ ಅಸಲಿಗಳಲ್ಲಿ ಅದರ ಮೇಲೆ ಕಂಪನಿ ಹೆಸರು, ಕೆಲವದರಲ್ಲಿ ವರ್ಷವೂ ಅಚ್ಚಾಗಿರುತ್ತದೆ. ಮಾರುವವರ ಹತ್ತಿರ ಅದರ ಫೋಟೊ ಕೇಳಿ. ಯಾವುದು ಯಾವುದು ಅಂತ ಗುರುತಿಸಲು ಲಾಸ್ಟ್ ಮಿನಿಸ್ ವಿಕಿ ಅನ್ನುವ ಜಾಲತಾಣ ತುಂಬ ಸಹಾಯ ಮಾಡುತ್ತದೆ. 90ರ ದಶಕದ ಕೊನೆಗೆ ಸಿಟಾಡೆಲ್ ಸೀಸ ಬಿಟ್ಟಿತ್ತು, ಆಮೇಲಿನ ಲೋಹದವಕ್ಕೆ ಈ ಬಿಳಿ ಪುಡಿಯ ಹೆದರಿಕೆ ಇಲ್ಲ.

ಬೇಸ್‌ಗೆ ನಾನು ಹಾಕುವುದು ಮುರಕಲ್ಲಿನ ಪುಡಿ. ಮನೆ ಕಟ್ಟುವ ಕಡೆ ಕಲ್ಲು ಕೆತ್ತಿದ ಚೂರು ಬೇಕಾದಷ್ಟು ಸಿಗುತ್ತದೆ. ಜರಡಿ ಹಿಡಿದು ಅಂಟಿಸಿದರೆ ಬಣ್ಣವೇ ಬೇಡ, ಕೆಂಪು ಮಣ್ಣಿನಿಂದ ಎದ್ದು ಬಂದ ಹಾಗೇ ಕಾಣುತ್ತವೆ. ಒಣ ಹುಲ್ಲಿಗೆ ತೆಂಗಿನ ನಾರು. ಮಲ್ಪೆ, ಪಣಂಬೂರಿನ ಕಡಲ ಮರಳು ಹಾಗೇ ಹಾಕಬೇಡಿ, ಉಪ್ಪು ತೇವ ಹಿಡಿಯುತ್ತದೆ, ಲೋಹಕ್ಕೂ ಒಳ್ಳೆಯದಲ್ಲ. ಹೊಳೆ ಮರಳು ಆಗಬಹುದು.

ಪ್ರಶ್ನೆ ಕೇಳಿದವರು (ಬಿಜೈ)

ಏಳನ್ನೂ ನಿನ್ನೆ ನೀರಲ್ಲಿ ತೊಳೆದು ಒಣಗಿಸಿದೆ, ಇವತ್ತು ಬ್ರಷ್‌ನಲ್ಲಿ ಪ್ರೈಮರ್ ಆಯಿತು. ಉಳಿದವು ಬೇಳೆ ಡಬ್ಬಿಗೆ ಹೋದವು. ಮಾವನನ್ನೇ ಕರೆದು, ಯಾವುದರ ಬಣ್ಣ ಇಡಲಿ ಅಂತ ಕೇಳಿದೆ. ಒಂದೊಂದೇ ಎತ್ತಿ ನೋಡಿ ಐದನ್ನು ಬದಿಗಿಟ್ಟರು. ಅದರಲ್ಲಿ ಒಂದು ಬಾವುಟ ಹಿಡಿದದ್ದು, ಬಾವುಟದ ಮೇಲೆ ತೀರಾ ಸಣ್ಣಕ್ಕೆ ಒಂದು ಕಡಲು, ಒಂದು ದೋಣಿ. ಅಲ್ಲಿ ಚಳಿಗಾಲದಲ್ಲಿ ಒಬ್ಬನೇ ಕೂತು ಬರೆದದ್ದಂತೆ. ಅದು ಮುಂದಿನ ಸಾಲಿನ ನಡುವೆ ನಿಲ್ಲುತ್ತದೆ. ಡಿಸೆಂಬರ್‌ನಲ್ಲಿ ರಥಕ್ಕೆ ಸ್ಪ್ರೇ ಹೊಡೆದ ಮೇಲೆ ಎಲ್ಲದರ ಫೋಟೊ ಹಾಕುತ್ತೇನೆ.