ಸಹಾಯ ಬೇಕು: ಎರೆ ಮಣ್ಣಿನ ಹಿತ್ತಲಿನಲ್ಲಿ ಕಾಯಿಪಲ್ಲೆ ಬೆಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿ. ಮನೆಯ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಜಾಗವಿದೆ. ಸೊಪ್ಪು, ಕಾಯಿಪಲ್ಲೆಯನ್ನಾದರೂ ಸಂತೆಯಿಂದ ತರದೆ ನಾವೇ ಬೆಳೆದುಕೊಳ್ಳಬೇಕೆಂದು ಈ ವರ್ಷ ನಿಶ್ಚಯಿಸಿದ್ದೇವೆ.

ತೊಡಕು ಮಣ್ಣಿನದು. ಅಪ್ಪಟ ಎರೆ. ಮಳೆ ಬಂದರೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ನೀರು ಎರಡು ದಿನ ಇಂಗುವುದಿಲ್ಲ. ಬಿಸಿಲು ಬಿದ್ದರೆ ಬೆರಳು ತೂರುವಷ್ಟು ಬಿರುಕು. ಜೂನ್ ತಿಂಗಳಲ್ಲಿ ಹಾಕಿದ ಮೆಂತ್ಯ ಮೊಳಕೆಯಲ್ಲೇ ಕೊಳೆತುಹೋಯಿತು. ಬದನೆ ಸಸಿಗಳು ಹಳದಿಯಾಗಿ ನಿಂತಲ್ಲೇ ನಿಂತಿವೆ. ಹೊಲದಲ್ಲಿ ಹತ್ತಿ, ಕಡಲೆ, ಬಿಳಿಜೋಳ ಕೊಡುವ ಇದೇ ಮಣ್ಣು ಹಿತ್ತಲಿನಲ್ಲಿ ಏಕೆ ಒಲಿಯುತ್ತಿಲ್ಲವೆಂದು ನಿಜಕ್ಕೂ ಸಂಕಟವಾಗುತ್ತದೆ. ಒಂದು ಅಡಿ ಎತ್ತರದ ಮಡಿ ಮಾಡಿ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕೇ? ಕೆಂಪು ಮಣ್ಣು ತರಿಸಿ ಸೇರಿಸಬೇಕೇ? ಮರಳು ಹಾಕಿ ಎಂದು ಒಬ್ಬರು, ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ.

ನಲ್ಲಿ ನೀರು ವಾರಕ್ಕೊಮ್ಮೆ. ಅಕ್ಕಿ, ಬೇಳೆ ತೊಳೆದ ನೀರನ್ನು ಹಿಡಿದಿಡುತ್ತಿದ್ದೇವೆ. ಸೋಪಿನ ನೀರನ್ನು ತಿನ್ನುವ ಸೊಪ್ಪಿಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಹಕ್ಕರಕಿ ಸೊಪ್ಪಿನ ಬೀಜ. ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಹಕ್ಕರಕಿ ಇಲ್ಲದಿದ್ದರೆ ನಮ್ಮ ಅತ್ತೆಯವರಿಗೆ ಊಟ ರುಚಿಸುವುದಿಲ್ಲ. ಅವರು ಬಾಲ್ಯದಲ್ಲಿ ಹೊಲದಿಂದ ಕಿತ್ತು ತರುತ್ತಿದ್ದ ಜವಾರಿ ತಳಿಯೇ ಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿಯೂ ವಿಚಾರಿಸುತ್ತೇನೆ, ಆದರೆ ಅಲ್ಲಿಯವರೆಗೆ ಕಾಯುವ ತಾಳ್ಮೆಯಿಲ್ಲ.

ನವಲಗುಂದ, ಅಣ್ಣಿಗೇರಿ, ಗದಗ ಕಡೆಯವರು ಎರೆ ಮಣ್ಣಿನಲ್ಲಿ ಹಿತ್ತಲು ಮಾಡಿದ್ದರೆ ದಯವಿಟ್ಟು ತಿಳಿಸಿ. ಒಂದು ಹಿಡಿ ಬೀಜ ಕೊಡುವವರಿದ್ದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.