ಪದಚರ್ಚೆ: ‘ಏರ್ ಅಪ್ಯಾರೆಂಟ್’, ‘ಏರ್ ಪ್ರಿಸಂಪ್ಟಿವ್’ ಎರಡಕ್ಕೂ ‘ಉತ್ತರಾಧಿಕಾರಿ’ ಸಾಕೇ?

ಗೆಳೆಯರೇ,

ಬ್ರಿಟನ್ನಿನಲ್ಲಿ ಡ್ಯೂಕ್, ಅರ್ಲ್ ಮೊದಲಾದ ವಂಶಪಾರಂಪರ್ಯ ಪದವಿಗಳುಳ್ಳ ಮನೆತನಗಳ ಬಗೆಗಿನ ಅನುವಾದವೊಂದರಲ್ಲಿ, ಪದವಿಗೆ ಮುಂದೆ ಬರುವವರನ್ನು ಹೇಳುವ ಈ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ. ‘ನೇರ ವಾರಸುದಾರ’, ‘ಸಂಭಾವ್ಯ ವಾರಸುದಾರ’ ಎಂದರೆ ನಡೆದೀತೇ? ಪದವಿ ಯಾರಿಗೆ ಇಳಿಯಬೇಕೆಂದು ಸನ್ನದಿನಲ್ಲಿ ಬರೆಯುವ ‘ಏರ್ಸ್ ಮೇಲ್ ಆಫ್ ದ ಬಾಡಿ’ ಎಂಬುದನ್ನು ‘ದೇಹದ ಗಂಡು ವಾರಸುದಾರರು’ ಎಂದರೆ ಓದಿದವರು ನಕ್ಕಾರು. ಬೇರೆ ಮಾತಿದೆಯೇ?

*

‘ನೇರ’ ಬೇಡ. ನೆಂಟಸ್ತಿಕೆ ಎಷ್ಟು ಹತ್ತಿರದ್ದು ಎಂಬುದು ಇಲ್ಲಿ ಮುಖ್ಯವಲ್ಲ; ಮುಂದೆ ಇನ್ನೊಂದು ಮಗು ಹುಟ್ಟಿದರೆ ಸ್ಥಾನ ತಪ್ಪುತ್ತದೆಯೇ ಎಂಬುದು ಮುಖ್ಯ. ಅರ್ಲ್‌ನ ಹಿರಿಮಗನದು ತಪ್ಪುವುದಿಲ್ಲ, ಅವನು ಅಪ್ಯಾರೆಂಟ್. ಮಕ್ಕಳಿಲ್ಲದ ಅರ್ಲ್‌ನ ತಮ್ಮನದು ತಪ್ಪಬಹುದು, ಅವನು ಪ್ರಿಸಂಪ್ಟಿವ್. ಎರಡನೇ ಎಲಿಜಬೆತ್ ದೊರೆಯ ಹಿರಿಮಗಳೇ ಆದರೂ 1936ರಿಂದ 1952ರವರೆಗೆ ಪ್ರಿಸಂಪ್ಟಿವ್ ಆಗಿಯೇ ಇದ್ದರು. ತಮ್ಮ ಹುಟ್ಟಿದ್ದರೆ ಪಟ್ಟ ಅವನಿಗೆ ಹೋಗುತ್ತಿತ್ತು. 1837ರಲ್ಲಿ ವಿಕ್ಟೋರಿಯಾರನ್ನು ರಾಣಿಯೆಂದು ಸಾರಿದಾಗಲೂ, ತೀರಿಕೊಂಡ ದೊರೆಯ ಹೆಂಡತಿಗೆ ಮುಂದೆ ಮಗು ಹುಟ್ಟಿದರೆ ಅದರ ಹಕ್ಕಿಗೆ ಬಾಧೆಯಿಲ್ಲ ಎಂಬ ಮಾತನ್ನು ಘೋಷಣೆಯಲ್ಲೇ ಸೇರಿಸಿದ್ದರು. ಹಾಗಾಗಿ ‘ನಿಶ್ಚಿತ ಉತ್ತರಾಧಿಕಾರಿ’, ‘ಸದ್ಯದ ಉತ್ತರಾಧಿಕಾರಿ’ ಎನ್ನಿ. ‘ಸಂಭಾವ್ಯ’ ಎಂದರೆ ಹಲವು ಉಮೇದುವಾರರಲ್ಲಿ ಒಬ್ಬ ಎಂಬ ಭಾವ ಬರುತ್ತದೆ. ‘ಯುವರಾಜ’ ಅಂತೂ ಅರ್ಲ್ ಮನೆಗೆ ಒಗ್ಗದು.

‘ವಾರಸುದಾರ’ನನ್ನು ಆಸ್ತಿಗೆ ಮೀಸಲಿಡಿ. ಪದವಿಯನ್ನು ಉಯಿಲು ಬರೆದು ಕೊಡಲಾಗದು. ಜಮೀನು, ಬಂಗಲೆ ಉಯಿಲಿನ ಮೇಲೋ ಟ್ರಸ್ಟಿನ ಮೂಲಕವೋ ಬೇರೆಯವರ ಪಾಲಾಗಬಹುದು. ಪದವಿ ಒಬ್ಬನಿಗೆ, ಮನೆ ಇನ್ನೊಬ್ಬರಿಗೆ ಆದಾಗ ಎರಡಕ್ಕೂ ಒಂದೇ ಪದ ಬಳಸಿದ್ದರೆ ಅನುವಾದ ಅಲ್ಲೇ ಮುಗ್ಗರಿಸುತ್ತದೆ.

ಇನ್ನು ‘ಬಾಡಿ’. ನಮ್ಮಲ್ಲಿ ‘ಔರಸ’ ಇದೆಯಲ್ಲ! ಮದುವೆಯಾದ ಹೆಂಡತಿಯಲ್ಲಿ ತನಗೇ ಹುಟ್ಟಿದವನು, ದತ್ತಕನಲ್ಲ. ಇಂಗ್ಲೆಂಡಿನ ಪದವಿಗಳಿಗೂ ಇದೇ ಅಳತೆ: ದತ್ತುಮಗನಿಗೆ ಸಿಗದು, ಹುಟ್ಟಿದ ಮೇಲೆ ತಂದೆತಾಯಿ ಮದುವೆಯಾದರೂ ಸಿಗದು. (ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಮಗನ ಹಕ್ಕನ್ನು 1867ರಲ್ಲಿ ಒಪ್ಪಿದ್ದು ಇದೇ ಬ್ರಿಟಿಷರು.) ಆದರೆ ‘ಔರಸ ಪುರುಷಸಂತತಿ’ ಎಂದರೆ ಮಗಳ ಮಗನೂ ನುಸುಳಿಬಿಡುತ್ತಾನೆ, ದೌಹಿತ್ರನಿಗೆ ಇಲ್ಲಿ ಹಕ್ಕಿಲ್ಲ. ನಮ್ಮ ಶಾಸನಗಳ ‘ಪುತ್ರಪೌತ್ರಪಾರಂಪರ್ಯ’ವನ್ನೇ ತಂದು ‘ಔರಸ ಪುತ್ರಪೌತ್ರಪಾರಂಪರ್ಯವಾಗಿ’ ಎಂದರೆ ಕರಾರುವಾಕ್ಕು.

ಒಂದು ಎಚ್ಚರಿಕೆ: ಔರಸ ಯಾರಿಗೆ? ಪದವಿಯನ್ನು ಮೊದಲು ಪಡೆದವನಿಗೆ, ಈಗ ಇರುವವನಿಗಲ್ಲ. ಐದನೇ ಅರ್ಲ್‌ನ ತಮ್ಮನಿಗೆ ಪದವಿ ಬರುವುದು ಅವನೂ ಮೊದಲನೆಯವನ ಕುಡಿ ಎಂಬ ಕಾರಣಕ್ಕೆ. ಬ್ರಿಟಿಷ್ ನೌಕಾಪತಿ ನೆಲ್ಸನ್ 1805ರಲ್ಲಿ ಸತ್ತಾಗ, ಆ ಪದವಿಯನ್ನು ಮೊದಲು ಪಡೆದವನು ಅವನೇ ಆಗಿ ಔರಸ ಪುತ್ರನಿಲ್ಲದ್ದರಿಂದ, ವೈಕೌಂಟ್ ಪದವಿ ಅವನೊಂದಿಗೇ ಅಳಿಯಿತು, ಅಣ್ಣ ವಿಲಿಯಂ ಇದ್ದರೂ. ಅಣ್ಣನಿಗೆ ದಕ್ಕಿದ್ದು 1801ರ ಬ್ಯಾರನ್ ಪದವಿ. ಅದರ ಸನ್ನದಿನಲ್ಲಿ ನೆಲ್ಸನ್ನನ ತಂದೆಯ ಸಂತತಿಗೂ ದಾರಿ ಬಿಟ್ಟಿದ್ದರು.

*

ಮೇಲಿನದಕ್ಕೆ ಒಂದು ಸೇರ್ಪಡೆ. ಎಲ್ಲ ಪದವಿಯೂ ಗಂಡುಮಕ್ಕಳ ಸಾಲಿನದಲ್ಲ. ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ನರ ಅರ್ಲ್ ಪದವಿ ವಿಶೇಷ ಷರತ್ತಿನಂತೆ 1979ರಲ್ಲಿ ಹಿರಿಮಗಳು ಪೆಟ್ರೀಷಿಯಾ ಅವರಿಗೆ ಬಂತು. ಹಳೆಯ ಕೆಲವು ಬ್ಯಾರನ್ ಪದವಿಗಳೂ ಗಂಡುಮಕ್ಕಳಿಲ್ಲದಾಗ ಹೆಣ್ಣುಮಕ್ಕಳಿಗೆ ಹೋಗುತ್ತವೆ. ಆದರೆ ಅಲ್ಲಿ ಅಕ್ಕತಂಗಿಯರಲ್ಲಿ ಹಿರಿತನವಿಲ್ಲ, ಎಲ್ಲರಿಗೂ ಸಮಪಾಲು. ಪದವಿಯನ್ನು ಪಾಲು ಮಾಡಲಾಗದ್ದರಿಂದ ಅದು ಯಾರಿಗೂ ಸೇರದೆ ನಿಲ್ಲುತ್ತದೆ; ಒಂದೇ ಶಾಖೆ ಉಳಿದಾಗ, ಇಲ್ಲವೇ ದೊರೆ ಒಬ್ಬರನ್ನು ಆರಿಸಿದಾಗ ಬಿಡುಗಡೆ. ಈ ‘ಅಬೆಯನ್ಸ್’ಗೆ ‘ಅಮಾನತು’ ಎಂದರೆ ಗುಮಾಸ್ತನ ಮೇಲೆ ಕ್ರಮ ಜರುಗಿಸಿದಂತಿದೆ. ‘ನೆನೆಗುದಿಗೆ ಬಿದ್ದ ಪದವಿ’ ಎನ್ನಬಹುದು. ‘ಅಳಿದ ಪದವಿ’ಯೊಂದಿಗೆ ಕಲಸಿಹೋಗುವುದೂ ಇಲ್ಲ.