ಅತ್ತೆ, ಮಕ್ಕಳು ಎಲ್ಲರೂ ಕೂತು ನೋಡುವಂಥ ಹಾಡಿನ ಸಿನಿಮಾ ಯಾವುದು? ಪುಣೆ ಕನ್ನಡಿಗರ ಅನುಭವಗಳು

ಪ್ರಶ್ನೆ, ವಾಕಡ್‌ನಿಂದ

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಅತ್ತೆಯವರು ನಮ್ಮ ಜೊತೆ ಇರಲು ಬಂದಿದ್ದಾರೆ. ಮಗಳು ಕಾಲೇಜು, ಮಗ ಎಂಟನೇ ಕ್ಲಾಸು. ಶನಿವಾರ ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಒಂದು ಸಿನಿಮಾ ನೋಡಬೇಕು ಅಂತ ನನ್ನ ಆಸೆ. ಅತ್ತೆಗೆ ಸಂಗೀತ ಅಂದ್ರೆ ಪ್ರಾಣ, ಆದರೆ ಇಂಗ್ಲಿಷ್ ಬರುವುದಿಲ್ಲ. ಮಗಳಿಗೆ ಹಾಲಿವುಡ್‌ನ ಹಳೇ ಮ್ಯೂಸಿಕಲ್‌ಗಳ ಹುಚ್ಚು ಹತ್ತಿದೆ. ಮಗ ಹಾಡು ಬಂದ ಕೂಡಲೇ ರಿಮೋಟ್ ಹಿಡಿದು ಮುಂದಕ್ಕೆ ಓಡಿಸುತ್ತಾನೆ. ಯಜಮಾನರಿಗೆ ಹೊಸದೇ ಆಗಬೇಕು. ಯಾವುದರಿಂದ ಶುರು ಮಾಡಲಿ? ಹಳೆಯದು, ಹೊಸದು ಎರಡನ್ನೂ ಹೇಗೆ ಹೊಂದಿಸಲಿ? ನಿಮ್ಮ ಮನೆಗಳಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಅಂತ ದಯವಿಟ್ಟು ಹೇಳಿ.

ಔಂಧ್‌ನಿಂದ

ಅಕ್ಕ, ಎಲ್ಲರೂ ಮೊದಲು ಹೇಳುವ ಹೆಸರು 'ದಿ ಸೌಂಡ್ ಆಫ್ ಮ್ಯೂಸಿಕ್' (1965). ನನಗೂ ಅದು ಬಹಳ ಇಷ್ಟ. ಆದರೂ ಅದರಿಂದ ಶುರು ಮಾಡಬೇಡಿ. ಸುಮಾರು ಮೂರು ಗಂಟೆಯ ಸಿನಿಮಾ ಅದು. ಊಟ ಆದ ಮೇಲೆ ಹಚ್ಚಿದರೆ ಅರ್ಧಕ್ಕೇ ನಿಮ್ಮ ಮಗ ಎದ್ದು ಹೋಗುತ್ತಾನೆ, ಅತ್ತೆಯವರಿಗೆ ನಿದ್ದೆ ಬರುತ್ತದೆ.

ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು 'ಸಿಂಗಿಂಗ್ ಇನ್ ದ ರೇನ್' (1952). ಎರಡು ಗಂಟೆಯೂ ಇಲ್ಲ. ಮೂಕಿ ಚಿತ್ರಗಳ ಕಾಲ ಮುಗಿದು ಮಾತಿನ ಚಿತ್ರ ಬಂದಾಗ ಒಂದು ಸ್ಟುಡಿಯೊದಲ್ಲಿ ಎದ್ದ ಗಡಿಬಿಡಿಯೇ ಅದರ ಕಥೆ. ನಾಯಕಿಯ ರೂಪ ಚೆಂದ, ದನಿ ಮಾತ್ರ ಕರ್ಕಶ. ಅವಳ ಮಾತನ್ನು ಹಿಡಿಯಲು ಮೈಕನ್ನು ಗಿಡದಲ್ಲಿ ಬಚ್ಚಿಡುತ್ತಾರೆ. ಅವಳು ತಲೆ ತಿರುಗಿಸಿದಾಗಲೆಲ್ಲ ದನಿ ಮಾಯ. ಆಮೇಲೆ ಅವಳ ಬಟ್ಟೆಗೇ ಹೊಲಿಯುತ್ತಾರೆ, ಆಗ ಎದೆಬಡಿತ ಕೇಳಿಸುತ್ತದೆ. ಇನ್ನು ಮೊದಲ ಪ್ರದರ್ಶನದ ದಿನ ಚಿತ್ರಕ್ಕೂ ದನಿಗೂ ತಾಳ ತಪ್ಪುತ್ತದೆ. ಗಂಡಸಿನ ದನಿ ಹೆಂಗಸಿನ ಬಾಯಿಂದ, ಹೆಂಗಸಿನ ದನಿ ಗಂಡಸಿನ ಬಾಯಿಂದ! ಇದಕ್ಕೆ ಇಂಗ್ಲಿಷ್ ಯಾಕೆ ಬೇಕು ಹೇಳಿ? ನಮ್ಮಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಿಮ್ಮ ಮಗನಿಗೆ ಡೊನಾಲ್ಡ್ ಓಕಾನರ್ ಒಬ್ಬನೇ ಕುಣಿಯುವ ಹಾಡು ಬರುವವರೆಗೆ ರಿಮೋಟ್ ಕೊಡಬೇಡಿ. ಗೋಡೆಯ ಮೇಲೆ ಓಡಿ ಹತ್ತಿ ಹಿಂದಕ್ಕೆ ಲಾಗ ಹಾಕುತ್ತಾನೆ. ಗ್ರಾಫಿಕ್ಸ್ ಇಲ್ಲ, ಮನುಷ್ಯ ನಿಜವಾಗಿ ಮಾಡಿದ್ದು. ನನ್ನ ಅಕ್ಕನ ಮಗ ಹಾಡನ್ನು ಮುಂದಕ್ಕೆ ಓಡಿಸುವ ಬದಲು ಹಿಂದಕ್ಕೆ ಓಡಿಸಿ ಮತ್ತೆ ನೋಡಿದ.

ಕೊಥ್ರೂಡ್‌ನಿಂದ

ತಂಗಿ, ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ನಾನು ನಿವೃತ್ತ, ಬೆಳಗಾವಿ ಕಡೆಯವನು, ಪುಣೆಯಲ್ಲೇ ತಲೆ ಹಣ್ಣಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಸಾವಕಾಶ ಓದಿ.

ಹಳೆಯದೋ ಹೊಸದೋ ಅಂತ ವಿಂಗಡಿಸುವುದನ್ನು ಮೊದಲು ಬಿಡಿ. ನಾನು ಸಿನಿಮಾ ಆರಿಸುವಾಗ ನೋಡುವುದು ಒಂದೇ. ಹಾಡು ಬಂದಾಗ ಕಥೆ ನಿಲ್ಲುತ್ತದೋ, ಮುಂದಕ್ಕೆ ನಡೆಯುತ್ತದೋ? ಹಾಡನ್ನು ಕಿತ್ತು ತೆಗೆದರೂ ಕಥೆ ಹಾಗೇ ಇರುತ್ತದೆ ಅಂದ್ರೆ ನಿಮ್ಮ ಮಗ ಓಡಿಸುವುದರಲ್ಲಿ ತಪ್ಪೇನಿದೆ? ಹಾಡಿನೊಳಗೇ ಪಾತ್ರ ಬದಲಾಗುವ, ಜಗಳ ಹತ್ತುವ, ಮನಸ್ಸು ಒಡೆಯುವ ಸಿನಿಮಾ ಹಚ್ಚಿ. ಓಡಿಸಿದರೆ ಅವನಿಗೇ ಮುಂದಿನದು ತಿಳಿಯುವುದಿಲ್ಲ.

ಇದು ಹಾಲಿವುಡ್‌ನವರು ನಮಗೆ ಕಲಿಸಿದ್ದಲ್ಲ. ನಮ್ಮ ಕಂಪನಿ ನಾಟಕದವರು ರಾತ್ರಿಯಿಡೀ ಇದನ್ನೇ ಮಾಡುತ್ತಿದ್ದರು. ಮರಾಠಿ ಸಂಗೀತ ನಾಟಕಕ್ಕೆ ಗಟ್ಟಿ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ಶಾಕುಂತಲ 1880ರಲ್ಲಿ ಇದೇ ಪುಣೆಯಲ್ಲಿ ರಂಗಕ್ಕೆ ಬಂತು. ನಿಮ್ಮ ಅತ್ತೆಯವರಿಗೆ ಈ ರುಚಿ ಮೊದಲೇ ಇರುತ್ತದೆ, ಕೇಳಿ ನೋಡಿ.

ಹಾಗಾಗಿ ಎರಡನೇ ಶನಿವಾರಕ್ಕೆ ನನ್ನ ಆಯ್ಕೆ ಮರಾಠಿಯ 'ಕಟ್ಯಾರ್ ಕಾಳಜಾತ್ ಘುಸಲಿ' (2015). ಮೂಲ 1967ರ ನಾಟಕ, ಅದಕ್ಕೆ ಜಿತೇಂದ್ರ ಅಭಿಷೇಕಿಯವರ ಸಂಗೀತ, ಖಾನ್‌ಸಾಹೇಬರ ಪಾತ್ರದಲ್ಲಿ ವಸಂತರಾವ್ ದೇಶಪಾಂಡೆ. ಸಿನಿಮಾದಲ್ಲಿ ಆ ಪಾತ್ರ ಸಚಿನ್ ಪಿಳಗಾಂವ್‌ಕರ್ ಮಾಡಿದ್ದಾರೆ, ದನಿ ಮಾತ್ರ ವಸಂತರಾವ್ ಅವರ ಮೊಮ್ಮಗ ರಾಹುಲ್ ದೇಶಪಾಂಡೆಯದು. ಶಂಕರ್ ಮಹಾದೇವನ್ ಪಂಡಿತರ ಪಾತ್ರದಲ್ಲಿ ತಾವೇ ನಟಿಸಿ ಹಾಡಿದ್ದಾರೆ. ಎರಡು ಘರಾಣೆಗಳ, ಅಂದ್ರೆ ಗಾಯನ ಪರಂಪರೆಗಳ, ನಡುವಿನ ಮತ್ಸರದ ಕಥೆ. ಇಲ್ಲಿ ಹಾಡೇ ಕತ್ತಿ. ಒಬ್ಬ ಒಂದು ತಾನ್ ಎತ್ತಿದಾಗ ಇನ್ನೊಬ್ಬನ ಮುಖ ಹೇಗೆ ಕಪ್ಪಿಡುತ್ತದೆ ಅಂತ ಕ್ಯಾಮೆರಾ ತೋರಿಸುತ್ತದೆ. ಪುಣೆ ಶಾಲೆಯ ಮಕ್ಕಳಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಧಾರವಾಡದ ಕಿವಿಗೆ ರಾಗಗಳು ಪರಿಚಯ. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ನೋಡುತ್ತಾರೆ.

ಅದಾದ ಮೇಲೆ ಕನ್ನಡದ 'ಸಂಧ್ಯಾರಾಗ' (1966) ನೋಡಲೇಬೇಕು. ಅ.ನ.ಕೃ. ಕಾದಂಬರಿ, ಡಾ. ರಾಜ್ ಹಾಡುಗಾರನ ಪಾತ್ರದಲ್ಲಿ. ನಾದದೇವತೆಯನ್ನು ನೆನೆಯುವ ಆ ಹಾಡನ್ನು ಭೀಮಸೇನ ಜೋಶಿಯವರೂ ಹಾಡಿದ್ದಾರೆ, ಬಾಲಮುರಳಿಕೃಷ್ಣ ಅವರೂ ಹಾಡಿದ್ದಾರೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ಗದಗದ ನೆಲದಿಂದ ಬಂದು ಪುಣೆಯಲ್ಲಿ ಬಾಳಿದ ಭೀಮಸೇನರ ದನಿ ಕನ್ನಡದ ಸಿನಿಮಾದಲ್ಲಿ ಕೇಳುವಾಗ, ಈ ಊರಲ್ಲಿ ಇರುವ ನಮಗೆ ಆಗುವ ಹೆಮ್ಮೆ ಬೇರೆಯೇ. ಅವರು ಕುಂದಗೋಳದ ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವ ಈಗಲೂ ಇಲ್ಲಿ ನಡೆಯುತ್ತದೆ. ಡಿಸೆಂಬರ್‌ವರೆಗೆ ಅತ್ತೆಯವರು ಇದ್ದರೆ ಅಲ್ಲಿಗೂ ಕರೆದುಕೊಂಡು ಹೋಗಿ.

ಒಂದು ಮಾತು ಮಕ್ಕಳಿಗೆ ಮೊದಲೇ ಹೇಳಿ. 'ಸಂಧ್ಯಾರಾಗ' ನಿಧಾನ. ಕಪ್ಪುಬಿಳುಪು. ಮಧ್ಯೆ ಒಂದೆರಡು ಕಡೆ ಎಳೆದಂತೆ ಅನ್ನಿಸುತ್ತದೆ. ಆದರೂ ಹಾಡು ಬಂದಾಗ ಮನೆಯ ಟ್ಯೂಬ್‌ಲೈಟ್ ಆರಿಸಿ, ಮೊಬೈಲ್ ಒಳಗಿಡಿಸಿ.

ವಿಮಾನ್ ನಗರದಿಂದ

ಕಾಕಾ ಹೇಳಿದ್ದು ಒಪ್ಪುತ್ತೇನೆ, ಆದರೆ ಪಟ್ಟಿ ಪೂರ್ತಿ ಹಳೆಯ ಕಡೆಗೇ ವಾಲಿತು ಅಲ್ವಾ? ನಾನು ಸಿನಿಮಾ ಎಡಿಟಿಂಗ್ ಕಲಿಯುತ್ತಿರುವವನು. ಹಾಡು ಹೇಗೆ ಶೂಟ್ ಮಾಡಿದ್ದಾರೆ ಅನ್ನುವುದೂ ಮುಖ್ಯ ಅಂತ ನನ್ನ ವಾದ.

'ಸಿಂಗಿಂಗ್ ಇನ್ ದ ರೇನ್' ನಾಯಕ ಜೀನ್ ಕೆಲಿಯಂಥವರ ಕಾಲದಲ್ಲಿ ಕುಣಿಯುವವರನ್ನು ತಲೆಯಿಂದ ಪಾದದವರೆಗೆ ತೋರಿಸುತ್ತಿದ್ದರು, ಶಾಟ್ ಉದ್ದ ಇರುತ್ತಿತ್ತು. ಈಗಿನ ಎಷ್ಟೋ ಹಾಡುಗಳಲ್ಲಿ ಕೈ ಒಂದು ಶಾಟ್, ಕಾಲು ಒಂದು ಶಾಟ್, ನಡುವೆ ಮುಖ. ಕುಣಿತ ಎಲ್ಲಿ ಹೋಯಿತು? ನನಗೆ ಇದು ನಿಜವಾಗಲೂ ಬೇಸರದ ವಿಷಯ. ಹೊಸಬರಲ್ಲೂ ಇದನ್ನು ಚೆನ್ನಾಗಿ ತಿಳಿದವರಿದ್ದಾರೆ. 'ಆರ್‌ಆರ್‌ಆರ್' (2022) ಸಿನಿಮಾದ ನಾಟು ನಾಟು ನೋಡಿ. ಕೀವ್‌ನಲ್ಲಿ ಅರಮನೆಯ ಮುಂದೆ ಶೂಟ್ ಆದದ್ದು. ನಾಯಕರಿಬ್ಬರ ಕಾಲೂ ಫ್ರೇಮ್ ಒಳಗೇ ಇವೆ, ಹೆಜ್ಜೆ ತಪ್ಪಿದರೆ ಕಾಣುತ್ತದೆ. ಆ ಹಾಡು ಒಂದು ಪಂದ್ಯ. ಯಾರು ಕೊನೆಯವರೆಗೆ ನಿಲ್ಲುತ್ತಾರೆ, ಯಾಕೆ ಒಬ್ಬ ಬೇಕಂತಲೇ ಸೋಲುತ್ತಾನೆ ಅನ್ನುವುದರಲ್ಲಿ ಇಬ್ಬರ ಗೆಳೆತನ ಗೊತ್ತಾಗುತ್ತದೆ. ಕಾಕಾ ಕೇಳಿದ್ದೂ ಇದೇ ಅಲ್ವಾ, ಹಾಡಲ್ಲಿ ಕಥೆ ನಡೆಯಬೇಕು ಅಂತ? ಯಜಮಾನರಿಗೂ ಮಗನಿಗೂ ಇದು ಒಟ್ಟಿಗೆ ಹಿಡಿಸುತ್ತದೆ.

ಮಗಳ ಜೊತೆ 'ವೆಸ್ಟ್ ಸೈಡ್ ಸ್ಟೋರಿ' ಎರಡೂ ನೋಡಿ, 1961ರದ್ದು ಮತ್ತು ಸ್ಪೀಲ್‌ಬರ್ಗ್ ಮಾಡಿದ 2021ರದ್ದು. ಮೊದಲನೆಯದಕ್ಕೆ 10 ಆಸ್ಕರ್ ಬಂದಿವೆ. ಅನಿತಾ ಅನ್ನುವ ಪಾತ್ರಕ್ಕೆ ಆಗ ರೀಟಾ ಮೊರೆನೊಗೆ ಆಸ್ಕರ್ ಬಂತು, ಹೊಸದರಲ್ಲಿ ಅದೇ ಪಾತ್ರಕ್ಕೆ ಅರಿಯಾನಾ ಡಿಬೋಸ್‌ಗೆ ಬಂತು. ಮೊರೆನೊ ಹೊಸ ಸಿನಿಮಾದಲ್ಲೂ ಇದ್ದಾರೆ, ಬೇರೆ ಪಾತ್ರದಲ್ಲಿ. ನನಗೆ ಹೊಸದೇ ಜಾಸ್ತಿ ಇಷ್ಟ. ನ್ಯೂಯಾರ್ಕ್‌ಗೆ ವಲಸೆ ಬಂದ ಪೋರ್ಟೊ ರಿಕೊದವರು ಅದರಲ್ಲಿ ಆಡುವ ಸ್ಪ್ಯಾನಿಷ್ ಮಾತುಗಳಿಗೆ ಸ್ಪೀಲ್‌ಬರ್ಗ್ ಸಬ್‌ಟೈಟಲ್ ಹಾಕಿಸಲಿಲ್ಲ. ಮನೆಯೊಳಗೆ ತಮ್ಮ ಭಾಷೆ, ಹೊರಗೆ ಇಂಗ್ಲಿಷ್, ಮಧ್ಯೆ ಯಾರೋ ಒಬ್ಬರು "ಇಂಗ್ಲಿಷಲ್ಲಿ ಮಾತಾಡು" ಅಂತ ಗದರುವುದು. ಮನೆಯಲ್ಲಿ ಕನ್ನಡ, ಲಿಫ್ಟ್‌ನಲ್ಲಿ ಮರಾಠಿ, ಕ್ಲಾಸಲ್ಲಿ ಇಂಗ್ಲಿಷ್ ಮಾತಾಡುವ ನಮ್ಮಂಥ ಮಕ್ಕಳಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಂಟನೇ ಕ್ಲಾಸಿನವನಿಗೆ ಮಾತ್ರ ಇದು ಸ್ವಲ್ಪ ಭಾರ, ಹೊಡೆದಾಟ ಸಾವು ಇದೆ. ಮಗಳಿಗೆ ಬೇರೆ ದಿನ ತೋರಿಸಿ.

'ಲಾ ಲಾ ಲ್ಯಾಂಡ್' (2016) ಬಗ್ಗೆ ನಮ್ಮ ಗೆಳೆಯರಲ್ಲಿ ದಿನಾ ಜಗಳ. ಫ್ಲೈಓವರ್ ಮೇಲೆ ಟ್ರಾಫಿಕ್ ಜಾಮ್‌ನಲ್ಲಿ ಕುಣಿಯುವ ಮೊದಲ ಹಾಡು ಒಂದೇ ಶಾಟ್‌ನಂತೆ ಕಾಣುತ್ತದೆ, ಬೇರೆ ಬೇರೆ ಶಾಟ್‌ಗಳನ್ನು ಕಣ್ಣಿಗೆ ಕಾಣದಂತೆ ಹೊಲಿದಿದ್ದಾರೆ. ಹಾಡುವುದರಲ್ಲಿ, ಕುಣಿಯುವುದರಲ್ಲಿ ನಾಯಕ ನಾಯಕಿ ಹಳಬರ ಹತ್ತಿರವೂ ಬರುವುದಿಲ್ಲ ಅನ್ನುವ ದೂರು ಸರಿಯೇ. ಆದರೆ ಎಮ್ಮಾ ಸ್ಟೋನ್ ಆಡಿಷನ್‌ನಲ್ಲಿ ನಿಂತು ಹಾಡುವ ಹಾಡು ಸೆಟ್‌ನಲ್ಲೇ ಲೈವ್ ಆಗಿ ಹಾಡಿದ್ದು. ದನಿ ಅಲ್ಲಲ್ಲಿ ನಡುಗುತ್ತದೆ, ಆ ನಡುಕವೇ ನನಗೆ ಬೇಕಾದದ್ದು.

ನಿಗಡಿಯಿಂದ

ಲೈವ್ ಹಾಡಿನ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಮಕ್ಕಳಿಗೆ ಹಾಡು ಕಲಿಸುತ್ತೇನೆ. ನಾವು 'ಮೈ ಫೇರ್ ಲೇಡಿ' (1964) ನೋಡಿದಾಗ ಪಾಲಕರು, ಮಕ್ಕಳು ಎಲ್ಲರಿಗೂ ಒಂದು ಕೆಲಸ ಕೊಟ್ಟಿದ್ದೆ. ಯಾರ ದನಿ ಯಾರದು ಅಂತ ಕೇಳಿ ಹೇಳಬೇಕು. ನಾಯಕಿ ಆಡ್ರಿ ಹೆಪ್ಬರ್ನ್ ಹಾಡುಗಳಲ್ಲಿ ಬಹುಪಾಲು ದನಿ ಮಾರ್ನಿ ನಿಕ್ಸನ್ ಅವರದು. 1961ರ 'ವೆಸ್ಟ್ ಸೈಡ್ ಸ್ಟೋರಿ' ನಾಯಕಿಗೂ ಅವರೇ ಹಾಡಿದ್ದು. ನಮ್ಮಲ್ಲಿ ಹಿನ್ನೆಲೆ ಗಾಯಕರ ಹೆಸರು ಮನೆಮನೆಗೂ ಗೊತ್ತು, ಅವರ ಮೇಲಿನ ಪ್ರೀತಿ ಹೀರೊ ಮೇಲಿನ ಪ್ರೀತಿಗಿಂತ ಒಂದು ಕೈ ಮೇಲೆಯೇ. ಅಲ್ಲಿ ಆ ತಾಯಿಯ ಹೆಸರು ಪರದೆಯ ಮೇಲೂ ಬರಲಿಲ್ಲ. ಇದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಅದೇ ಸಿನಿಮಾದ ನಾಯಕ ರೆಕ್ಸ್ ಹ್ಯಾರಿಸನ್ ಮಾತ್ರ ಸೆಟ್‌ನಲ್ಲೇ ಹಾಡಿದರು. ಅವರದು ಅರ್ಧ ಮಾತು, ಅರ್ಧ ಹಾಡು. ಟೈ ಒಳಗೆ ವೈರ್‌ಲೆಸ್ ಮೈಕ್ ಬಚ್ಚಿಟ್ಟಿದ್ದರು. ಇದು ಹೇಳಿದ ಮೇಲೆ ಮಕ್ಕಳು ಅವರ ಮುಖ ನೋಡುವುದು ಬಿಟ್ಟು ಟೈ ಉಬ್ಬಿದೆಯಾ ಅಂತಲೇ ನೋಡಿದವು. ಉರಿಯುವ ಜ್ವಾಲೆಯ ಮುಂದೆ ಹೂ ಮಾರುವ ಹುಡುಗಿ ಹಕಾರ ಹೇಳಿ ಹೇಳಿ ಕಲಿಯುವ ದೃಶ್ಯ ಬಂದಾಗ ಮಂಡ್ಯದ ಒಬ್ಬ ಅಜ್ಜಿ "ನಮ್ ಊರಲ್ಲೂ ಇದೇ ಪಾಡು" ಅಂದರು, ಎಲ್ಲರೂ ಹೋ ಅಂತ ನಕ್ಕರು. ಅತ್ತೆಯವರಿಗೆ ಕಥೆ ಹೇಳುವುದೂ ಸುಲಭ. ಮೂಲ ಬರ್ನಾರ್ಡ್ ಶಾ ನಾಟಕ. ಅದನ್ನೇ ಪು.ಲ. ದೇಶಪಾಂಡೆ ಮರಾಠಿಗೆ 'ತೀ ಫುಲರಾಣಿ' ಅಂತ ತಂದರು.

ಹೊಸದರಲ್ಲಿ 'ವಿಕೆಡ್' (2024). ಸಿಂಥಿಯಾ ಎರಿವೊ, ಅರಿಯಾನಾ ಗ್ರಾಂಡೆ ಇಬ್ಬರೂ ಸೆಟ್‌ನಲ್ಲೇ ಹಾಡಿದ್ದಾರೆ. ಉಸಿರು ಕೇಳುತ್ತದೆ. ಆದರೆ ಅದು ಓಜ್ ಲೋಕದ ಮಾಟಗಾತಿಯರ ಕಥೆ, ಹಾಗಾಗಿ ಮೊದಲು 'ದಿ ವಿಝರ್ಡ್ ಆಫ್ ಓಜ್' (1939) ತೋರಿಸಿ, ಇಲ್ಲದಿದ್ದರೆ ಅರ್ಧ ರುಚಿ ಹೋಗುತ್ತದೆ. ಕಂದು ಬಣ್ಣದ ಮನೆಯ ಬಾಗಿಲು ತೆರೆದಾಗ ಆಚೆ ಇಡೀ ಲೋಕ ಬಣ್ಣಬಣ್ಣ. ಅಷ್ಟು ಹಳೆಯ ಸಿನಿಮಾ, ಈಗಲೂ ಮಕ್ಕಳು ಬಾಯಿ ಬಿಟ್ಟು ನೋಡುತ್ತವೆ.

ಹಡಪ್ಸರ್‌ನಿಂದ

'ಪ್ರೇಮಲೋಕ' (1987) ಯಾರೂ ಹೇಳಲೇ ಇಲ್ಲವಲ್ಲ! ಹಂಸಲೇಖ ಅವರು ಹುಡುಗ ಹುಡುಗಿಯ ಮಾತುಕತೆಯನ್ನೇ ಹಾಡು ಮಾಡಿದ ಸಿನಿಮಾ. ಕನ್ನಡದಲ್ಲಿ ಮ್ಯೂಸಿಕಲ್ ಅಂತ ಕರೆಯಲು ಇದಕ್ಕಿಂತ ಬೇರೆ ಬೇಕಾ? ಯಜಮಾನರ ವಯಸ್ಸಿನವರು ಕಾಲೇಜು ನೆನಪಿನಲ್ಲಿ ತಾವೇ ಹಾಡತೊಡಗುತ್ತಾರೆ. ಹೊಸದಕ್ಕೆ 'ಸಪ್ತ ಸಾಗರದಾಚೆ ಎಲ್ಲೋ' (2023) ಮೊದಲ ಭಾಗ. ನಾಯಕಿ ಹಾಡುಗಾರ್ತಿ, ಚರಣ್ ರಾಜ್ ಸಂಗೀತ ಸಿನಿಮಾ ಮುಗಿದ ಮೇಲೂ ಬಿಡುವುದಿಲ್ಲ. ತುಂಬ ದುಃಖದ ಕಥೆ, ಚಿಕ್ಕವರನ್ನು ಮಲಗಿಸಿ ನೋಡಿ.

ಮತ್ತೆ ವಾಕಡ್‌ನಿಂದ

ಎಲ್ಲರಿಗೂ ತುಂಬ ಧನ್ಯವಾದ. ಔಂಧ್ ಅವರ ಮಾತು ಕೇಳಿ 'ಸಿಂಗಿಂಗ್ ಇನ್ ದ ರೇನ್' ನೋಡಿದೆವು. ದನಿ ಅದಲುಬದಲಾಗುವ ದೃಶ್ಯ ಅತ್ತೆಗೆ ಬಹಳ ಹಿಡಿಸಿತು. ಮಳೆಯಲ್ಲಿ ಕುಣಿಯುವಾಗ ಮಡಿಲಲ್ಲಿ ಬೆರಳು ತಾಳ ಹಾಕುತ್ತಿತ್ತು. ಆದರೆ ಮಾತಿನ ಭಾಗ ಬಂದಾಗ ನಾನು ಪಕ್ಕದಲ್ಲಿ ಅನುವಾದ ಮಾಡುತ್ತಾ ಹೋದರೆ ಮಕ್ಕಳಿಗೆ ಕಿರಿಕಿರಿ. ಇದಕ್ಕೆ ಏನು ಮಾಡುತ್ತೀರಿ?

ಔಂಧ್‌ನಿಂದ

ಅಕ್ಕ, ಪೂರ್ತಿ ಕಥೆಯನ್ನು ಸಂಜೆಯೇ ಹೇಳಿಬಿಡಿ, ಕೊನೆಯನ್ನೂ ಸೇರಿಸಿ. ರಾಮಾಯಣದ ಕಥೆ ಗೊತ್ತಿದ್ದೇ ಅವರು ನಾಟಕಕ್ಕೆ ಹೋಗುತ್ತಿದ್ದದ್ದು. ಕಥೆ ಗೊತ್ತಿದ್ದರೆ ಹಾಡಿನ ಮೇಲೆ, ಮುಖದ ಮೇಲೆ ಗಮನ ನಿಲ್ಲುತ್ತದೆ. ಒಂದು ವಾರ ಇಂಗ್ಲಿಷ್ ಆದರೆ ಮುಂದಿನ ವಾರ ಕನ್ನಡವೋ ಮರಾಠಿಯೋ ಇರಲಿ. ಆಗ ಮಕ್ಕಳೇ ರಾಗದ ಹೆಸರು ಅಜ್ಜಿಯನ್ನು ಕೇಳುತ್ತಾರೆ.

ಕೊಥ್ರೂಡ್‌ನಿಂದ

ಆ ಸಿನಿಮಾ ನೋಡಿದಿರಲ್ಲ, ಮಕ್ಕಳಿಗೆ ಇದನ್ನೂ ಹೇಳಿ. ನಮ್ಮ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬಂತು, ಶೂಟಿಂಗ್ ಆದದ್ದು ಕೊಲ್ಹಾಪುರದಲ್ಲಿ. ಇನ್ನು ಪುಣೆಯ ಪ್ರಭಾತ್ ಕಂಪನಿಯವರ 'ಸಂತ ತುಕಾರಾಮ್' (1936) ಪಟ್ಟಿಗೆ ಸೇರಿಸಿ. ಅವರ ಸ್ಟುಡಿಯೊ ಇದ್ದ ಜಾಗದಲ್ಲೇ ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ವಿಷ್ಣುಪಂತ್ ಪಾಗ್ನಿಸ್ ಅಭಂಗ ಹಾಡುವಾಗ ನಟನೆ ಅನ್ನಿಸುವುದೇ ಇಲ್ಲ. ಅತ್ತೆಯವರಿಗೆ ಅನುವಾದವೂ ಬೇಡ.

'ಸೌಂಡ್ ಆಫ್ ಮ್ಯೂಸಿಕ್' ಕೊನೆಗೆ ಇಟ್ಟುಕೊಳ್ಳಿ. ನಾಯಕಿ ಮರಿಯಾ ತಾನಿದ್ದ ದೊಡ್ಡ ಮನೆ ಬಿಟ್ಟು ಹೊರಡುವಲ್ಲಿ ಅದರಲ್ಲೇ ಮಧ್ಯಂತರ ಇದೆ. ಶನಿವಾರ ಅಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ನೋಡಿ.